ಜರ್ಮನ್ ಭಾಷೆಯ ಹೋಲಿಕೆ ರಚನೆಗಳು

ಜರ್ಮನ್ ಭಾಷೆಯ ಹೋಲಿಕೆ ರಚನೆಗಳು ಎಂದರೆ ಎರಡು ವ್ಯಕ್ತಿ, ವಸ್ತು, ಗುಣ ಅಥವಾ ಸನ್ನಿವೇಶಗಳನ್ನು ಒಂದರೊಡನೊಂದು ಹೋಲಿಸಲು ಜರ್ಮನ್ ಭಾಷೆಯೂ ಅದರ ಉಪಭಾಷೆಗಳೂ ಬಳಸುವ ವಾಕ್ಯರಚನೆಗಳು. ಇಂದಿನ ಶಿಷ್ಟ ಜರ್ಮನ್‌ನಲ್ಲಿ ಸಮಾನತೆಯನ್ನು ಹೇಳಲು 'ವೀ' ಎಂಬ ಅವ್ಯಯವನ್ನೂ ಅಸಮಾನತೆಯನ್ನು ಹೇಳಲು 'ಆಲ್ಸ್' ಎಂಬ ಅವ್ಯಯವನ್ನೂ ಬಳಸುವುದು ನಿಯಮ. ಉಪಭಾಷೆಗಳಲ್ಲಿಯೂ ಆಡುಮಾತಿನಲ್ಲಿಯೂ ಈ ನಿಯಮ ಹೀಗೆಯೇ ಇಲ್ಲ. ಅಸಮಾನತೆಯನ್ನು ಹೇಳುವಾಗ ಕೆಲವೆಡೆ 'ವೀ', ಕೆಲವೆಡೆ 'ಆಲ್ಸ್ ವೀ', ಕೆಲವೆಡೆ 'ಆಸ್', ಸ್ವಿಟ್ಜರ್ಲೆಂಡಿನ ಕೆಲವು ಭಾಗಗಳಲ್ಲಿ 'ವೇಡರ್' ಬರುತ್ತವೆ.

ಈ ವೈವಿಧ್ಯವನ್ನು ಬಹುಕಾಲ ಉಪಭಾಷಿಕರ ಅಶುದ್ಧ ಪ್ರಯೋಗವೆಂದು ಶಾಲಾ ವ್ಯಾಕರಣಗಳು ಪರಿಗಣಿಸಿದವು. ಭಾಷಾ ಚರಿತ್ರೆಯು ಬೇರೊಂದು ಚಿತ್ರವನ್ನು ಕೊಡುತ್ತದೆ. ಕಳೆದ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸಮಾನತೆಯ ಅವ್ಯಯವು ಅಸಮಾನತೆಯ ಸ್ಥಾನಕ್ಕೆ ಸರಿಯುವುದು, ತೆರವಾದ ಸ್ಥಾನಕ್ಕೆ ಹೊಸ ಅವ್ಯಯ ಬರುವುದು ಒಂದಕ್ಕಿಂತ ಹೆಚ್ಚು ಬಾರಿ ನಡೆದಿದೆ. ಶಿಷ್ಟ ಭಾಷೆಯ 'ಆಲ್ಸ್' ಕೂಡ ಇದೇ ಹಾದಿಯಲ್ಲಿ ಬಂದದ್ದು. ಈ ಪುನರಾವರ್ತನೆಗೆ ಭಾಷಾವಿಜ್ಞಾನದಲ್ಲಿ 'ಹೋಲಿಕೆ ಚಕ್ರ' ಎಂಬ ಹೆಸರಿದೆ.

ಈ ಲೇಖನದಲ್ಲಿ ಜರ್ಮನ್ ಪದಗಳನ್ನು ಉಚ್ಚಾರಣೆಗೂ ಬರಹಕ್ಕೂ ಆದಷ್ಟು ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

== ಪರಿಭಾಷೆ ==

ಹೋಲಿಕೆಯ ವಾಕ್ಯದ ಅಂಗಗಳನ್ನು ಗುರುತಿಸಲು ಕನ್ನಡ ಅಲಂಕಾರಶಾಸ್ತ್ರದ ಪರಿಚಿತ ಪದಗಳೇ ಸಾಕಾಗುತ್ತವೆ. ಹೋಲಿಸಲ್ಪಡುವುದು ಉಪಮೇಯ, ಯಾವುದಕ್ಕೆ ಹೋಲಿಸಲಾಗುತ್ತದೆಯೋ ಅದು ಉಪಮಾನ, ಎರಡಕ್ಕೂ ಅನ್ವಯಿಸುವ ಗುಣ ಸಮಾನಧರ್ಮ, ಎರಡನ್ನೂ ಜೋಡಿಸುವ ಪದ ಉಪಮಾವಾಚಕ. 'ಅನ್ನಾ ಪೀಟರನಷ್ಟು ಎತ್ತರ' ಎಂಬಲ್ಲಿ ಅನ್ನಾ ಉಪಮೇಯ, ಪೀಟರ್ ಉಪಮಾನ, ಎತ್ತರ ಸಮಾನಧರ್ಮ, 'ಅಷ್ಟು' ಉಪಮಾವಾಚಕ. ಅಲಂಕಾರಶಾಸ್ತ್ರವು ಮುಖ್ಯವಾಗಿ ಸಾಮ್ಯವನ್ನು ಕುರಿತು ಹೇಳುವ ಈ ಪದಗಳನ್ನು ಇಲ್ಲಿ ಅಸಮಾನತೆಯ ವಾಕ್ಯಗಳಿಗೂ ವಿಸ್ತರಿಸಲಾಗಿದೆ.

ಹೋಲಿಕೆಯಲ್ಲಿ ಮೂರು ಮುಖ್ಯ ಬಗೆಗಳಿವೆ.

* ಸಾದೃಶ್ಯ: ರೀತಿಯ ಹೋಲಿಕೆ. ಇಲ್ಲಿ ಅಳತೆಯ ಮಾತಿಲ್ಲ. 'ಎರ್ ಸಿಂಗ್ಟ್ ವೀ ಐನ್ ಫೋಗೆಲ್' ಎಂದರೆ 'ಅವನು ಹಕ್ಕಿಯಂತೆ ಹಾಡುತ್ತಾನೆ'.
* ಸಮತೆ: ಪ್ರಮಾಣದ ಸಮಾನತೆ. 'ಅನ್ನಾ ಇಸ್ಟ್ ಸೋ ಗ್ರೋಸ್ ವೀ ಪೀಟರ್' ಎಂದರೆ 'ಅನ್ನಾ ಪೀಟರನಷ್ಟು ಎತ್ತರವಿದ್ದಾಳೆ'.
* ತಾರತಮ್ಯ: ಪ್ರಮಾಣದ ಅಸಮಾನತೆ. 'ಅನ್ನಾ ಇಸ್ಟ್ ಗ್ರ್ಯೋಸರ್ ಆಲ್ಸ್ ಪೀಟರ್' ಎಂದರೆ 'ಅನ್ನಾ ಪೀಟರನಿಗಿಂತ ಎತ್ತರವಿದ್ದಾಳೆ'.

ಕನ್ನಡವು ಈ ಮೂರಕ್ಕೂ 'ಅಂತೆ', 'ಅಷ್ಟು', 'ಇಂತ' ಎಂಬ ಮೂರು ಬೇರೆ ಬೇರೆ ಸಾಧನಗಳನ್ನು ಇಟ್ಟುಕೊಂಡಿದೆ. ಶಿಷ್ಟ ಜರ್ಮನ್ ಎರಡು ಅವ್ಯಯಗಳಲ್ಲಿ ಮೂರನ್ನೂ ಹಂಚುತ್ತದೆ: ಮೊದಲೆರಡಕ್ಕೆ 'ವೀ', ಮೂರನೆಯದಕ್ಕೆ 'ಆಲ್ಸ್'. ಅನೇಕ ಜರ್ಮನ್ ಉಪಭಾಷೆಗಳಲ್ಲಿ ಒಂದೇ ಅವ್ಯಯ ಮೂರನ್ನೂ ನಿರ್ವಹಿಸುತ್ತದೆ.

ಇನ್ನೊಂದು ವ್ಯತ್ಯಾಸ ಗಮನಾರ್ಹ. ಕನ್ನಡದಲ್ಲಿ 'ಎತ್ತರ' ಎಂಬ ಪದವು ಸಮತೆಯಲ್ಲಿಯೂ ತಾರತಮ್ಯದಲ್ಲಿಯೂ ರೂಪ ಬದಲಿಸುವುದಿಲ್ಲ. ಅಸಮಾನತೆಯ ಅರ್ಥವನ್ನು 'ಇಂತ' ಪ್ರತ್ಯಯವೇ ಹೊರಬೇಕು. ಜರ್ಮನ್‌ನಲ್ಲಿ ಗುಣವಾಚಕವೇ 'ಗ್ರೋಸ್' ಎಂಬುದರಿಂದ 'ಗ್ರ್ಯೋಸರ್' ಎಂದು ಬದಲಾಗುತ್ತದೆ. ಅಸಮಾನತೆ ಹೀಗೆ ಗುಣವಾಚಕದ ಮೇಲೆಯೇ ಗುರುತಾಗುವುದರಿಂದ, ಅವ್ಯಯ ಯಾವುದಾದರೂ ಅರ್ಥಕ್ಕೆ ಭಂಗ ಬರುವುದಿಲ್ಲ. ಮುಂದೆ ವಿವರಿಸುವ ಚಾರಿತ್ರಿಕ ಬದಲಾವಣೆಗಳಿಗೆ ಅವಕಾಶ ಒದಗಿದ್ದು ಇದರಿಂದಲೇ.

== ಶಿಷ್ಟ ಜರ್ಮನ್‌ನಲ್ಲಿ ರಚನೆ ==

=== ಉಪಮಾನದ ವಿಭಕ್ತಿ ===

'ಆಲ್ಸ್' ಮತ್ತು 'ವೀ' ತಮ್ಮ ಮುಂದಿನ ನಾಮಪದಕ್ಕೆ ಯಾವುದೇ ನಿಶ್ಚಿತ ವಿಭಕ್ತಿಯನ್ನು ವಿಧಿಸುವುದಿಲ್ಲ. ಉಪಮಾನವು ಉಪಮೇಯದ ವಿಭಕ್ತಿಯನ್ನೇ ಪಡೆಯುತ್ತದೆ. ಆದ್ದರಿಂದ 'ಇಶ್ ಕೆನ್ನೆ ಈನ್ ಬೆಸ್ಸರ್ ಆಲ್ಸ್ ಡೂ' ಎಂಬಲ್ಲಿ 'ಡೂ' ಪ್ರಥಮಾ ವಿಭಕ್ತಿಯಲ್ಲಿದ್ದು, 'ನೀನು ಅವನನ್ನು ಬಲ್ಲುದಕ್ಕಿಂತ ಚೆನ್ನಾಗಿ ನಾನು ಅವನನ್ನು ಬಲ್ಲೆ' ಎಂಬ ಅರ್ಥ ಬರುತ್ತದೆ. 'ಡೂ' ಬದಲು ದ್ವಿತೀಯಾ ರೂಪವಾದ 'ಡಿಶ್' ಬಂದರೆ 'ನಾನು ನಿನ್ನನ್ನು ಬಲ್ಲುದಕ್ಕಿಂತ ಚೆನ್ನಾಗಿ ಅವನನ್ನು ಬಲ್ಲೆ' ಎಂದಾಗುತ್ತದೆ. ಕನ್ನಡದ 'ನಾನು ನಿನಗಿಂತ ಚೆನ್ನಾಗಿ ಅವನನ್ನು ಬಲ್ಲೆ' ಎಂಬ ವಾಕ್ಯಕ್ಕೆ ಎರಡು ಅರ್ಥಗಳೂ ಸಾಧ್ಯ. ಜರ್ಮನ್‌ನಲ್ಲಿ ವಿಭಕ್ತಿಯು ಅವುಗಳನ್ನು ಬೇರ್ಪಡಿಸುತ್ತದೆ.

=== ಉಪವಾಕ್ಯವಾಗಿ ಉಪಮಾನ ===

ಉಪಮಾನವು ನಾಮಪದವಷ್ಟೇ ಆಗಿರದೆ ಪೂರ್ಣ ಉಪವಾಕ್ಯವೂ ಆಗಬಹುದು. 'ಡಾಸ್ ಹೌಸ್ ಇಸ್ಟ್ ಎಲ್ಟರ್, ಆಲ್ಸ್ ಇಶ್ ಗೆಡಾಖ್ಟ್ ಹಾಟೆ' ಎಂದರೆ 'ಮನೆಯು ನಾನು ಎಣಿಸಿದ್ದಕ್ಕಿಂತ ಹಳೆಯದು'. ಇಲ್ಲಿ 'ಹಾಟೆ' ಎಂಬ ಕ್ರಿಯಾಪದ ಕೊನೆಯಲ್ಲಿದೆ. ಜರ್ಮನ್‌ನ ಅಧೀನ ಉಪವಾಕ್ಯಗಳಲ್ಲಿ ಕ್ರಿಯಾಪದವು ಕೊನೆಗೆ ಬರುವುದು ಸಾಮಾನ್ಯ ನಿಯಮವಾದ್ದರಿಂದ, ಹೋಲಿಕೆಯ ಉಪವಾಕ್ಯವೂ ಅಧೀನ ವಾಕ್ಯವೇ ಎಂದು ತಿಳಿಯುತ್ತದೆ.

ಇಂಥ ಉಪವಾಕ್ಯದಲ್ಲಿ ಪ್ರಮಾಣವನ್ನು ಸೂಚಿಸುವ ಪದದ ಸ್ಥಾನ ಖಾಲಿಯಾಗಿರುತ್ತದೆ. 'ಡೆರ್ ಟಿಶ್ ಇಸ್ಟ್ ಲೆಂಗರ್, ಆಲ್ಸ್ ಡೀ ಟ್ಯೂರ್ ಬ್ರೈಟ್ ಇಸ್ಟ್' ಎಂಬ ವಾಕ್ಯವನ್ನು ಕನ್ನಡದಲ್ಲಿ 'ಬಾಗಿಲು ಎಷ್ಟು ಅಗಲವಿದೆಯೋ ಅದಕ್ಕಿಂತ ಮೇಜು ಉದ್ದವಿದೆ' ಎಂದು ಹೇಳಬಹುದು. ಕನ್ನಡದ 'ಎಷ್ಟು' ಎಂಬುದಕ್ಕೆ ಜರ್ಮನ್‌ನಲ್ಲಿ ಯಾವ ಪದವೂ ಉಚ್ಚಾರವಾಗುವುದಿಲ್ಲ. ಅಲ್ಲಿ 'ತುಂಬ' ಎಂಬಂಥ ಬೇರೆ ಪ್ರಮಾಣವಾಚಕವನ್ನು ಸೇರಿಸಿದರೆ ವಾಕ್ಯ ಕೆಡುತ್ತದೆ.

=== ನಿಷೇಧದೊಡನೆ ಸಂಬಂಧ ===

ತಾರತಮ್ಯದ ವಾಕ್ಯದಲ್ಲಿ ನಿಷೇಧದ ನೆರಳಿರುತ್ತದೆ. ಅನ್ನಾ ಪೀಟರನಿಗಿಂತ ಎತ್ತರ ಎಂದರೆ, ಅನ್ನಾಳ ಎತ್ತರವನ್ನು ಪೀಟರ್ ಮುಟ್ಟಿಲ್ಲ ಎಂದೇ ಅರ್ಥ. ಆದ್ದರಿಂದ ಸಾಮಾನ್ಯವಾಗಿ ನಿಷೇಧ, ಪ್ರಶ್ನೆ ಮುಂತಾದ ಸಂದರ್ಭಗಳಲ್ಲಿ ಬರುವ 'ಎಂದಾದರೂ' ಎಂಬರ್ಥದ 'ಯೇ' ಪದವು 'ಬೆಸ್ಸರ್ ಆಲ್ಸ್ ಯೇ' ಎಂದು ತಾರತಮ್ಯದಲ್ಲಿಯೂ ಸಹಜವಾಗಿ ಬರುತ್ತದೆ. ಕನ್ನಡದ 'ಹಿಂದೆಂದಿಗಿಂತಲೂ' ಎಂಬ ಪ್ರಯೋಗದಲ್ಲಿಯೂ ಇಂಥದೇ ಗುಣವಿದೆ. ಮೂಲತಃ ನಿಷೇಧಕ್ಕೆ ಹತ್ತಿರವಾದ 'ವೇಡರ್' ಪದ ಕೆಲವು ಉಪಭಾಷೆಗಳಲ್ಲಿ ಹೋಲಿಕೆಯ ಅವ್ಯಯವಾದುದನ್ನು ಈ ಹಿನ್ನೆಲೆಯಲ್ಲಿ ನೋಡಬಹುದು.

== ಅವ್ಯಯಗಳ ಮೂಲ ==

* ಡೆನ್: ಹಳೆಯ ರೂಪ 'ಥನ್ನೆ' ಅಥವಾ 'ಡನ್ನೆ'. 'ಆಗ, ಬಳಿಕ' ಎಂಬರ್ಥದ ನಿರ್ದೇಶಕ ಪದದಿಂದ ಬಂದದ್ದು. ಇಂಗ್ಲಿಷಿನ 'ದ್ಯಾನ್' ಇದರ ಸೋದರ ಪದ.
* ಆಲ್ಸ್: 'ಆಲ್' ಎಂದರೆ 'ಪೂರ್ತಿಯಾಗಿ', 'ಸೋ' ಎಂದರೆ 'ಹಾಗೆ'. ಇವೆರಡೂ ಸೇರಿ 'ಆಲ್‌ಸೋ', ಅಂದರೆ 'ಅಂತೆಯೇ' ಎಂದಾಗಿ, ಕ್ರಮೇಣ ಸವೆದು 'ಆಲ್ಸ್' ಆಯಿತು. ಇಂಗ್ಲಿಷಿನ 'ಆ್ಯಸ್' ಕೂಡ ಇದೇ ಬಗೆಯ ಜೋಡುಪದದ ಸವೆದ ರೂಪ.
* ವೀ: ಹಳೆಯ ರೂಪ 'ವಿಓ'. 'ಹೇಗೆ' ಎಂಬ ಪ್ರಶ್ನಾರ್ಥಕ. 'ಹೇಗೋ ಹಾಗೆ' ಎಂಬ ಬಗೆಯ ಸಂಬಂಧವಾಚಕ ವಾಕ್ಯಗಳ ಮೂಲಕ ಹೋಲಿಕೆಯ ಕ್ಷೇತ್ರವನ್ನು ಪ್ರವೇಶಿಸಿತು.
* ವೇಡರ್: 'ಎರಡರಲ್ಲಿ ಯಾವುದು' ಎಂಬರ್ಥದ ಹಳೆಯ ಪದಕ್ಕೆ ಸಂಬಂಧಿಸಿದ್ದು. ಶಿಷ್ಟ ಭಾಷೆಯಲ್ಲಿ 'ವೇಡರ್ ... ನೋಖ್' ಎಂಬ ಜೋಡಿಯಲ್ಲಿ 'ಅದೂ ಅಲ್ಲ, ಇದೂ ಅಲ್ಲ' ಎಂಬರ್ಥದಲ್ಲಿ ಉಳಿದಿದೆ.

== ಚಾರಿತ್ರಿಕ ಬೆಳವಣಿಗೆ ==

ಜರ್ಮನ್ ಭಾಷೆಯ ಚರಿತ್ರೆಯನ್ನು ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳಂತೆ ಘಟ್ಟಗಳಾಗಿ ವಿಂಗಡಿಸುವುದು ರೂಢಿ. 'ಹೈ ಜರ್ಮನ್' ಎಂಬ ಹೆಸರಿನ 'ಹೈ' ದಕ್ಷಿಣದ ಎತ್ತರದ ಪ್ರದೇಶವನ್ನು ಸೂಚಿಸುತ್ತದೆ, ಭಾಷೆಯ ಮೇಲ್ಮೆಯನ್ನಲ್ಲ. ಉತ್ತರದ ಬಯಲುಸೀಮೆಯ ಭಾಷೆಗೆ 'ಲೋ ಜರ್ಮನ್' ಎಂದು ಹೆಸರು.

=== ಹಳೆಯ ಹೈ ಜರ್ಮನ್ (ಸುಮಾರು 750–1050) ===

ಈ ಕಾಲದಲ್ಲಿ ಸಾದೃಶ್ಯ ಮತ್ತು ಸಮತೆಗಳಿಗೆ 'ಸೋ' ಮುಖ್ಯ ಅವ್ಯಯ. ಸಮತೆಯಲ್ಲಿ ಗುಣವಾಚಕದ ಮುಂದೊಂದು, ಉಪಮಾನದ ಮುಂದೊಂದು ಹೀಗೆ ಎರಡು 'ಸೋ' ಬರುವುದುಂಟು.

ತಾರತಮ್ಯಕ್ಕೆ ಎರಡು ದಾರಿಗಳಿದ್ದವು. ಒಂದು, 'ಥನ್ನೆ' ಅವ್ಯಯ. ಇನ್ನೊಂದು, ಯಾವ ಅವ್ಯಯವೂ ಇಲ್ಲದೆ ಉಪಮಾನವನ್ನು ಚತುರ್ಥಿ ವಿಭಕ್ತಿಯಲ್ಲಿ ಇರಿಸುವುದು. ಎರಡನೆಯದು ಬಹು ಪ್ರಾಚೀನ ಪದ್ಧತಿ. 4ನೆಯ ಶತಮಾನದ ಬೈಬಲ್ ಅನುವಾದದಿಂದ ತಿಳಿದುಬರುವ ಗೋಥಿಕ್ ಭಾಷೆಯಲ್ಲಿಯೂ ಚತುರ್ಥಿಯ ಹೋಲಿಕೆ ಇದೆ. ಲ್ಯಾಟಿನ್ ಭಾಷೆಯಲ್ಲಿ ಇದೇ ಕೆಲಸವನ್ನು ಪಂಚಮೀ ವಿಭಕ್ತಿ ಮಾಡುತ್ತದೆ. ನಾಮಪದಗಳ ವಿಭಕ್ತಿ ಪ್ರತ್ಯಯಗಳು ಸವೆಯುತ್ತ ಹೋದ ಮುಂದಿನ ಕಾಲದಲ್ಲಿ ವಿಭಕ್ತಿಯ ಹೋಲಿಕೆ ಜರ್ಮನ್‌ನಿಂದ ಮರೆಯಾಗಿ, ಅವ್ಯಯದ ಹೋಲಿಕೆಯೇ ಉಳಿಯಿತು.

=== ನಡು ಹೈ ಜರ್ಮನ್ (ಸುಮಾರು 1050–1350) ===

ಸಾದೃಶ್ಯದಲ್ಲಿ 'ಆಲ್‌ಸೋ', 'ಆಲ್ಸೆ', 'ಆಲ್ಸ್' ರೂಪಗಳು ಬಲಗೊಂಡವು. ಬರಿಯ 'ಸೋ' ಹಿಂದೆ ಸರಿಯಿತು. 'ಸಾಮ್' ಎಂಬ ಇನ್ನೊಂದು ಅವ್ಯಯವೂ 'ಅಂತೆ' ಎಂಬರ್ಥದಲ್ಲಿ ಬಳಕೆಯಲ್ಲಿತ್ತು. ಸಮತೆಗೂ 'ಆಲ್ಸ್' ವಿಸ್ತರಿಸಿತು. ತಾರತಮ್ಯದಲ್ಲಿ 'ಡನ್ನೆ' ಅಥವಾ 'ಡೆನ್ನೆ' ಸ್ಥಿರವಾಗಿ ನಿಂತಿತ್ತು. ಸಮಾನತೆಗೆ ಒಂದು, ಅಸಮಾನತೆಗೆ ಇನ್ನೊಂದು ಎಂಬ ವಿಂಗಡಣೆ ಈ ಕಾಲದಲ್ಲಿ ಸ್ಪಷ್ಟವಾಗಿದೆ; ಆದರೆ ಇಂದು ಅಸಮಾನತೆಗೆ ಮೀಸಲಾದ 'ಆಲ್ಸ್' ಆಗ ಸಮಾನತೆಯ ಕಡೆಗಿತ್ತು.

=== ಆರಂಭಿಕ ಹೊಸ ಹೈ ಜರ್ಮನ್ (ಸುಮಾರು 1350–1650) ===

ಈ ಕಾಲದಲ್ಲಿ ಎರಡು ಚಲನೆಗಳು ಕಾಣುತ್ತವೆ. 'ವೀ' ಸಾದೃಶ್ಯದಲ್ಲಿ ಬೇರೂರಿ ಸಮತೆಯ ಕಡೆಗೆ ಹೆಜ್ಜೆಯಿಡುತ್ತದೆ. 'ಆಲ್ಸ್' ಸಮತೆಯಿಂದ ತಾರತಮ್ಯದ ಕಡೆಗೆ ಸರಿಯುತ್ತದೆ. ತಾರತಮ್ಯದಲ್ಲಿ 'ಆಲ್ಸ್' ಬಳಕೆ 16ನೆಯ ಶತಮಾನದಲ್ಲಿ ಹೆಚ್ಚುತ್ತ ಬಂದು 17ನೆಯ ಶತಮಾನದಲ್ಲಿ ಮೇಲುಗೈ ಪಡೆಯಿತು.

ಮಾರ್ಟಿನ್ ಲೂಥರನ ಹೊಸ ಒಡಂಬಡಿಕೆಯ ಅನುವಾದ 1522ರಲ್ಲಿಯೂ ಸಂಪೂರ್ಣ ಬೈಬಲ್ 1534ರಲ್ಲಿಯೂ ಪ್ರಕಟವಾದವು. ಲೂಥರನ ಭಾಷೆಯಲ್ಲಿ ತಾರತಮ್ಯದ ಸಹಜ ಅವ್ಯಯ 'ಡೆನ್'. ಆ ಅನುವಾದವು ತಲೆಮಾರುಗಳ ಕಾಲ ಓದಲ್ಪಟ್ಟಿದ್ದರಿಂದ, ಆಡುಮಾತಿನಲ್ಲಿ 'ಡೆನ್' ಮರೆಯಾದ ಮೇಲೂ ಗಂಭೀರ ಶೈಲಿಯ ಗುರುತಾಗಿ ಅದು ಜನರ ಕಿವಿಯಲ್ಲಿ ಉಳಿಯಿತು. ಇದೇ ಅವಧಿಯಲ್ಲಿ ದಕ್ಷಿಣದ ಬರಹಗಳಲ್ಲಿ 'ವೇಡರ್' ಕೂಡ ತಾರತಮ್ಯದ ಅವ್ಯಯವಾಗಿ ಕಾಣಿಸುತ್ತದೆ.

=== ಹೊಸ ಹೈ ಜರ್ಮನ್ (ಸುಮಾರು 1650ರಿಂದ) ===

'ಆಲ್ಸ್' ತಾರತಮ್ಯದಲ್ಲಿ ನೆಲೆಗೊಂಡ ಮೇಲೂ ಸಮತೆಯಲ್ಲಿ ಬಹುಕಾಲ ಮುಂದುವರಿಯಿತು. 18ನೆಯ ಶತಮಾನದ ಬರಹಗಳಲ್ಲಿ 'ಸೋ ಗ್ರೋಸ್ ಆಲ್ಸ್' ಎಂಬುದು ಸಾಮಾನ್ಯ ಪ್ರಯೋಗ. ಕ್ರಮೇಣ 'ಸೋ ಗ್ರೋಸ್ ವೀ' ಅದನ್ನು ಹಿಂದಿಕ್ಕಿತು. ಎರಡೂ ಅವ್ಯಯಗಳನ್ನು ಕೂಡಿಸಿದ 'ಆಲ್ಸ್ ವೀ' ಕೂಡ 17 ಮತ್ತು 18ನೆಯ ಶತಮಾನಗಳ ಬರಹದಲ್ಲಿ ವಿರಳವಲ್ಲ. 1808ರಲ್ಲಿ ಪ್ರಕಟವಾದ ಗಯಟೆಯ 'ಫೌಸ್ಟ್' ನಾಟಕದ ಮೊದಲ ಭಾಗದಲ್ಲಿ, ನಾಯಕನ ಆರಂಭದ ಸ್ವಗತದಲ್ಲಿಯೇ ಸಮತೆಯ ಅರ್ಥದ 'ಆಲ್ಸ್ ವೀ' ಇದೆ.

=== ಒಟ್ಟು ನೋಟ ===

ಪ್ರತಿ ಘಟ್ಟದ ಪ್ರಧಾನ ರೂಪಗಳು ಹೀಗಿವೆ. ಒಂದು ಘಟ್ಟದಿಂದ ಇನ್ನೊಂದಕ್ಕೆ ಬದಲಾವಣೆ ನಿಧಾನವಾಗಿ ನಡೆದಿದ್ದು, ಹಳೆಯ ಮತ್ತು ಹೊಸ ರೂಪಗಳು ಬಹುಕಾಲ ಜೊತೆಗಿದ್ದವು.

* ಹಳೆಯ ಹೈ ಜರ್ಮನ್: ಸಾದೃಶ್ಯ 'ಸೋ', ಸಮತೆ 'ಸೋ', ತಾರತಮ್ಯ 'ಥನ್ನೆ' ಅಥವಾ ಚತುರ್ಥಿ ವಿಭಕ್ತಿ.
* ನಡು ಹೈ ಜರ್ಮನ್: ಸಾದೃಶ್ಯ 'ಆಲ್‌ಸೋ, ಆಲ್ಸ್', ಸಮತೆ 'ಸೋ, ಆಲ್ಸ್', ತಾರತಮ್ಯ 'ಡನ್ನೆ'.
* ಆರಂಭಿಕ ಹೊಸ ಹೈ ಜರ್ಮನ್: ಸಾದೃಶ್ಯ 'ಆಲ್ಸ್, ವೀ', ಸಮತೆ 'ಆಲ್ಸ್', ತಾರತಮ್ಯ 'ಡೆನ್', ಕೊನೆಯ ಭಾಗದಲ್ಲಿ 'ಆಲ್ಸ್'.
* ಇಂದಿನ ಶಿಷ್ಟ ಜರ್ಮನ್: ಸಾದೃಶ್ಯ 'ವೀ', ಸಮತೆ 'ವೀ', ತಾರತಮ್ಯ 'ಆಲ್ಸ್'.
* ಇಂದಿನ ಅನೇಕ ಉಪಭಾಷೆಗಳು: ಸಾದೃಶ್ಯ 'ವೀ', ಸಮತೆ 'ವೀ', ತಾರತಮ್ಯ 'ವೀ' ಅಥವಾ 'ಆಲ್ಸ್ ವೀ'.

== ಹೋಲಿಕೆ ಚಕ್ರ ==

ಮೇಲಿನ ಪಟ್ಟಿಯಲ್ಲಿ 'ಆಲ್ಸ್' ಮತ್ತು 'ವೀ'ಗಳು ಒಂದೇ ಹಾದಿಯಲ್ಲಿ ನಡೆದಿವೆ: ಮೊದಲು ಸಾದೃಶ್ಯ, ಬಳಿಕ ಸಮತೆ, ಕೊನೆಗೆ ತಾರತಮ್ಯ. ಈ ಕ್ರಮವನ್ನು ಜರ್ಮನ್ ಭಾಷಾವಿಜ್ಞಾನಿ ಆಗ್ನೆಸ್ ಯೇಗರ್ ಹೋಲಿಕೆ ಚಕ್ರವೆಂದು ಕರೆದು, ಹಳೆಯ ಹೈ ಜರ್ಮನ್‌ನಿಂದ ಇಂದಿನ ಉಪಭಾಷೆಗಳವರೆಗಿನ ಸಾಮಗ್ರಿಯನ್ನು ಆಧರಿಸಿ 2018ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ನಿಷೇಧಪದಗಳು ಕಾಲಕಾಲಕ್ಕೆ ಸವೆದು ಹೊಸದಾಗುವುದನ್ನು ವಿವರಿಸುವ 'ಯೆಸ್ಪರ್ಸನ್ ಚಕ್ರ' ಭಾಷಾವಿಜ್ಞಾನದಲ್ಲಿ ಮೊದಲೇ ಪ್ರಸಿದ್ಧವಾಗಿತ್ತು. ಡೆನ್ಮಾರ್ಕಿನ ಓಟೋ ಯೆಸ್ಪರ್ಸನ್ 1917ರಲ್ಲಿ ಆ ವಿದ್ಯಮಾನವನ್ನು ವಿವರಿಸಿದ್ದರು. ಹೋಲಿಕೆ ಚಕ್ರವೂ ಅದೇ ಬಗೆಯ ಆವರ್ತಕ ಬದಲಾವಣೆ.

=== ಕಾರಣಗಳು ===

ಹಳೆಯ ವಿವರಣೆಗಳಲ್ಲಿ ಪದಗಳ ಗೊಂದಲಕ್ಕೆ ಪ್ರಾಮುಖ್ಯವಿತ್ತು. 'ಡೆನ್' ಪದಕ್ಕೆ 'ಏಕೆಂದರೆ' ಎಂಬ ಅರ್ಥವೂ ಇದೆ. 'ಆಲ್ಸ್' ಪದಕ್ಕೆ 'ಆಗ' ಮತ್ತು 'ಆಗಿ' ಎಂಬ ಅರ್ಥಗಳೂ ಇವೆ. ಹಲವು ಕೆಲಸಗಳನ್ನು ಹೊತ್ತ ಪದವನ್ನು ಭಾಷಿಕರು ತೊರೆದರೆಂಬುದು ಈ ವಾದ. ಆದರೆ ಕೇವಲ ಇದರಿಂದ ಚಕ್ರದ ದಿಕ್ಕು ವಿವರಿತವಾಗುವುದಿಲ್ಲ. ಹೊಸ ಅವ್ಯಯವು ಪ್ರತಿಸಲವೂ ಸಮಾನತೆಯ ಕಡೆಯಿಂದಲೇ ಏಕೆ ಬರುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಅರ್ಥದ ದೃಷ್ಟಿಯ ವಿವರಣೆ ಇದಕ್ಕೆ ಉತ್ತರ ಕೊಡುತ್ತದೆ. ಮೂರೂ ಬಗೆಗಳಿಗೆ ಸಾಮಾನ್ಯವಾದುದು ಉಪಮೇಯ ಮತ್ತು ಉಪಮಾನಗಳನ್ನು ಪಕ್ಕಪಕ್ಕದಲ್ಲಿ ಇರಿಸುವ ಕ್ರಿಯೆ. ಸಾದೃಶ್ಯದಲ್ಲಿ ಅದಿಷ್ಟೇ ಇದೆ. ಸಮತೆಯಲ್ಲಿ ಪ್ರಮಾಣವೂ ಸೇರುತ್ತದೆ. ತಾರತಮ್ಯದಲ್ಲಿ ಪ್ರಮಾಣದ ಜೊತೆಗೆ ಹೆಚ್ಚು ಎಂಬ ಅಂಶವೂ ಸೇರುತ್ತದೆ. ಅದನ್ನು ಜರ್ಮನ್‌ನಲ್ಲಿ ಗುಣವಾಚಕದ 'ಎರ್' ಪ್ರತ್ಯಯ ಈಗಾಗಲೇ ಹೇಳಿರುತ್ತದೆ. ಆದ್ದರಿಂದ ಅವ್ಯಯಕ್ಕೆ ಉಳಿಯುವ ಕೆಲಸ 'ಇದು ಉಪಮಾನ' ಎಂದು ತೋರಿಸುವುದಷ್ಟೇ. ಸರಳ ಹೋಲಿಕೆಯ ಅವ್ಯಯವು ಆ ಕೆಲಸವನ್ನು ವಹಿಸಿಕೊಳ್ಳಬಲ್ಲದು. 'ಗ್ರ್ಯೋಸರ್ ವೀ' ಎಂದಾಗ ಕೇಳುಗನಿಗೆ 'ಅಷ್ಟೇ ಎತ್ತರ' ಎಂಬ ಭ್ರಮೆ ಉಂಟಾಗದಿರುವುದಕ್ಕೆ ಕಾರಣ ಇದೇ.

=== 'ಆಲ್ಸ್ ವೀ' ಮತ್ತು ಸ್ಥಾನಗಳ ಪ್ರಶ್ನೆ ===

ಅವ್ಯಯಗಳು ಜೋಡಿಯಾಗಿ ಬಂದಾಗ ಅವುಗಳ ಕ್ರಮ ಗಮನಾರ್ಹ. ತಾರತಮ್ಯದಲ್ಲಿ ರೂಢಿಯ ಕ್ರಮ 'ಆಲ್ಸ್ ವೀ'. ಹಳೆಯ ಅವ್ಯಯ ಮುಂದೆ, ಹೊಸದು ಅದರ ಹಿಂದೆ. ಇದರಿಂದ ಉಪಮಾನದ ಮುಂದೆ ಒಂದಲ್ಲ, ಎರಡು ಸ್ಥಾನಗಳಿವೆ ಎಂದು ವಾಕ್ಯರಚನೆಯ ವಿದ್ವಾಂಸರು ಊಹಿಸುತ್ತಾರೆ. ಒಳಗಿನ ಸ್ಥಾನವು ಉಪವಾಕ್ಯವನ್ನು ಆರಂಭಿಸುವ ಪದದ್ದು. ಹೊರಗಿನ ಸ್ಥಾನವು ಇಡೀ ಉಪಮಾನವನ್ನು ಮುಖ್ಯ ವಾಕ್ಯಕ್ಕೆ ಜೋಡಿಸುವ ಪದದ್ದು. ಹೊಸ ಅವ್ಯಯ ಒಳಗಿನ ಸ್ಥಾನದಲ್ಲಿ ಹುಟ್ಟಿ, ಕಾಲಾಂತರದಲ್ಲಿ ಹೊರಗಿನ ಸ್ಥಾನಕ್ಕೆ ಏರುತ್ತದೆ. ಆಗ ಹಳೆಯ ಅವ್ಯಯ ಅನಗತ್ಯವಾಗಿ ಬಿದ್ದುಹೋಗುತ್ತದೆ.

ಬವೇರಿಯನ್ ಉಪಭಾಷೆ ಈ ಊಹೆಗೆ ಬಲವಾದ ಆಧಾರ ಒದಗಿಸುತ್ತದೆ. ಅಲ್ಲಿ ಕರ್ತೃ 'ನೀನು' ಆಗಿದ್ದಾಗ ಉಪವಾಕ್ಯವನ್ನು ಆರಂಭಿಸುವ ಪದಕ್ಕೂ ಕ್ರಿಯಾಪದದಂತೆ 'ಸ್ಟ್' ಪ್ರತ್ಯಯ ಹತ್ತುತ್ತದೆ. 'ನೀನು ಇರುವುದಕ್ಕಿಂತ ಅವನು ಎತ್ತರ' ಎನ್ನಲು 'ಎಅ ಇಸ್ ಗ್ರೆಸ್ಸ ಒಯ್ಸ್ ವಿಅಸ್ಟ್ ಡೂ ಬಿಸ್ಟ್' ಎನ್ನುತ್ತಾರೆ. 'ಒಯ್ಸ್' ಎಂಬುದು 'ಆಲ್ಸ್' ಪದದ ಬವೇರಿಯನ್ ರೂಪ, 'ವಿಅ' ಎಂಬುದು 'ವೀ' ಪದದ ರೂಪ. ಪ್ರತ್ಯಯ ಹತ್ತಿರುವುದು ಒಳಗಿನ 'ವಿಅ'ಗೆ ಮಾತ್ರ, ಹೊರಗಿನ 'ಒಯ್ಸ್'ಗೆ ಅಲ್ಲ. ಕ್ರಿಯಾಪದವನ್ನು ಬಿಟ್ಟು 'ನಿನಗಿಂತ' ಎಂದಷ್ಟೇ ಹೇಳುವಾಗ 'ಒಯ್ಸ್ ವಿಅ ಡೂ' ಎನ್ನಬೇಕೇ ಹೊರತು ಪ್ರತ್ಯಯವನ್ನು ಸೇರಿಸುವಂತಿಲ್ಲ. ಬವೇರಿಯನ್ ಉಪಭಾಷೆಯ ಈ ಗುಣವನ್ನು ಭಾಷಾವಿಜ್ಞಾನಿ ಯೋಸೆಫ್ ಬಾಯರ್ 1984ರ ಪ್ರಬಂಧದಲ್ಲಿ ಚರ್ಚಿಸಿದ ಮೇಲೆ ಅದು ವಾಕ್ಯರಚನಾ ಸಿದ್ಧಾಂತದ ಚರ್ಚೆಗಳಲ್ಲಿ ಪ್ರಸಿದ್ಧ ಉದಾಹರಣೆಯಾಯಿತು.

== ಉಪಭಾಷೆಗಳು ==

=== ಸಮೀಕ್ಷೆಗಳು ===

ಉಪಭಾಷೆಗಳ ಹೋಲಿಕೆ ಅವ್ಯಯಗಳ ಭೌಗೋಳಿಕ ಹರಹನ್ನು ತಿಳಿಯಲು ಅತ್ಯಂತ ವ್ಯಾಪಕ ಆಧಾರ ಗೇಓರ್ಗ್ ವೆಂಕರ್ ಆರಂಭಿಸಿದ ಸಮೀಕ್ಷೆ. 1876ರಿಂದ ಅವರು ಶಾಲೆಗಳಿಗೆ ಶಿಷ್ಟ ಜರ್ಮನ್ ವಾಕ್ಯಗಳ ಪಟ್ಟಿಯನ್ನು ಕಳುಹಿಸಿ, ಆಯಾ ಊರಿನ ಮಾತಿನಲ್ಲಿ ಅವನ್ನು ಬರೆದುಕೊಡುವಂತೆ ಉಪಾಧ್ಯಾಯರನ್ನು ಕೋರಿದರು. 40,000ಕ್ಕೂ ಹೆಚ್ಚು ಸ್ಥಳಗಳಿಂದ ಉತ್ತರಗಳು ಬಂದವು. ಮಾರ್ಬುರ್ಗ್ ನಗರದಲ್ಲಿ ಈ ಸಾಮಗ್ರಿಯಿಂದ ಜರ್ಮನ್ ಭಾಷಾ ಭೂಪಟ ರೂಪುಗೊಂಡಿತು. ವೆಂಕರ್ ಅವರ ಮುಖ್ಯ ಆಸಕ್ತಿ ಧ್ವನಿಗಳ ಭೇದದಲ್ಲಿತ್ತು. ಆದರೂ 40 ವಾಕ್ಯಗಳ ಪಟ್ಟಿಯ 15ನೆಯ ವಾಕ್ಯದಲ್ಲಿ, ಚೆನ್ನಾಗಿ ಕಲಿತ ಮಗು ಉಳಿದವರಿಗಿಂತ ಮುಂಚೆ ಮನೆಗೆ ಹೋಗಬಹುದೆಂಬ ಮಾತಿದೆ. ಆ ಒಂದು 'ಇಂತ'ದ ಅನುವಾದಗಳೇ ವಾಕ್ಯರಚನೆಯ ಅಧ್ಯಯನಕ್ಕೆ ಒಂದು ದೊಡ್ಡ ಭಂಡಾರವಾದವು.

ವಾಕ್ಯರಚನೆಯನ್ನೇ ಗುರಿಯಾಗಿಟ್ಟುಕೊಂಡ ಸಮೀಕ್ಷೆಗಳು ಬಹಳ ತಡವಾಗಿ ಬಂದವು. ಸ್ವಿಟ್ಜರ್ಲೆಂಡಿನ ಜರ್ಮನ್ ಉಪಭಾಷೆಗಳ ವಾಕ್ಯರಚನಾ ಭೂಪಟದ ಕೆಲಸ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭವಾಯಿತು. ಜರ್ಮನಿಯ ಹೆಸ್ಸೆನ್ ರಾಜ್ಯದ ಉಪಭಾಷೆಗಳ ಸಮೀಕ್ಷೆ 2010ರಲ್ಲಿ ಆರಂಭವಾಯಿತು. ಎರಡರಲ್ಲಿಯೂ ಹೋಲಿಕೆಯ ರಚನೆಗಳು ಅಧ್ಯಯನದ ವಿಷಯವಾಗಿವೆ.

=== ಲೋ ಜರ್ಮನ್ ===

ಉತ್ತರದ ಲೋ ಜರ್ಮನ್‌ನಲ್ಲಿ ವಿಶಾಲ ಪ್ರದೇಶದ ರೂಪ 'ಆಸ್'. ಇದು 'ಆಲ್ಸ್' ಪದದ ಸೋದರ ರೂಪ. 'ಸೋ ಗ್ರೋಟ್ ಆಸ್ ಇಕ್' ಎಂದರೆ 'ನನ್ನಷ್ಟು ಎತ್ತರ', 'ಗ್ರ್ಯೋಟರ್ ಆಸ್ ಇಕ್' ಎಂದರೆ 'ನನಗಿಂತ ಎತ್ತರ'. 'ಆಸ್' ಇಲ್ಲಿ ತಾರತಮ್ಯಕ್ಕೆ ವಿಸ್ತರಿಸಿದೆ, ಸಮತೆಯನ್ನೂ ಬಿಟ್ಟುಕೊಟ್ಟಿಲ್ಲ. ಹೈ ಜರ್ಮನ್‌ನಲ್ಲಿ 17 ಮತ್ತು 18ನೆಯ ಶತಮಾನಗಳಲ್ಲಿ ಇದ್ದ ಸ್ಥಿತಿಯನ್ನು ಇದು ಹೋಲುತ್ತದೆ.

=== ಮಧ್ಯ ಜರ್ಮನ್ ಮತ್ತು ಲಕ್ಸೆಂಬರ್ಗಿಷ್ ===

ಹೆಸ್ಸೆನ್, ರೈನ್ ನದಿಯ ಮಧ್ಯಭಾಗ ಮತ್ತು ಫ್ರಾಂಕೋನಿಯಾದ ಮಾತುಗಳಲ್ಲಿ ತಾರತಮ್ಯಕ್ಕೆ 'ವೀ' ಬಹು ವ್ಯಾಪಕ. ಅದರ ಜೊತೆಗೆ 'ಆಲ್ಸ್' ಮತ್ತು 'ಆಲ್ಸ್ ವೀ' ಕೂಡ ಕೇಳಿಬರುತ್ತವೆ.

ಇದೇ ಉಪಭಾಷಾ ವಲಯದಿಂದ ಬೆಳೆದು, 1984ರ ಕಾನೂನಿನ ಮೂಲಕ ಲಕ್ಸೆಂಬರ್ಗಿನ ರಾಷ್ಟ್ರಭಾಷೆಯೆಂದು ಮಾನ್ಯತೆ ಪಡೆದ ಲಕ್ಸೆಂಬರ್ಗಿಷ್‌ನಲ್ಲಿ 'ವೇಯ್' ಎಂಬ ರೂಪ ಎರಡಕ್ಕೂ ನಿಯತವಾಗಿದೆ. 'ಎಸೋ ಗ್ರೌಸ್ ವೇಯ್' ಎಂದರೆ 'ಅಷ್ಟು ದೊಡ್ಡ', 'ಮೇಯ್ ಗ್ರೌಸ್ ವೇಯ್' ಎಂದರೆ 'ಅದಕ್ಕಿಂತ ದೊಡ್ಡ'. ಇಲ್ಲಿ ಹೆಚ್ಚಳವನ್ನು ಗುಣವಾಚಕದ ಪ್ರತ್ಯಯದ ಬದಲು 'ಹೆಚ್ಚು' ಎಂಬರ್ಥದ 'ಮೇಯ್' ಪದವು ಸೂಚಿಸುತ್ತದೆ. ಜರ್ಮನಿಯ ಶಾಲೆಯಲ್ಲಿ ತಪ್ಪೆನಿಸುವ ರಚನೆ, ಗಡಿಯಾಚೆಗೆ ಒಂದು ರಾಷ್ಟ್ರಭಾಷೆಯ ಸರಿಯಾದ ವ್ಯಾಕರಣವಾಗಿದೆ.

=== ಬವೇರಿಯನ್ ===

ಜರ್ಮನಿಯ ಬವೇರಿಯಾ ಮತ್ತು ಆಸ್ಟ್ರಿಯಾದ ಬಹುಭಾಗಕ್ಕೆ ಸೇರಿದ ಬವೇರಿಯನ್ ಉಪಭಾಷೆಗಳಲ್ಲಿ ತಾರತಮ್ಯಕ್ಕೆ 'ವಿಅ' ಮತ್ತು 'ಒಯ್ಸ್ ವಿಅ' ಎರಡೂ ಬಳಕೆಯಲ್ಲಿವೆ. 'ಗ್ರೆಸ್ಸ ವಿಅ ಇ' ಎಂದರೆ 'ನನಗಿಂತ ಎತ್ತರ'. ಜೋಡು ಅವ್ಯಯದ ಹಂತ ಮತ್ತು ಒಂಟಿ ಅವ್ಯಯದ ಹಂತ ಇಲ್ಲಿ ಒಟ್ಟಿಗೆ ಜೀವಂತವಾಗಿವೆ.

=== ಅಲೆಮಾನಿಕ್ ===

ನೈಋತ್ಯ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಅಲೆಮಾನಿಕ್ ಉಪಭಾಷೆಗಳು ಅವ್ಯಯಗಳ ವೈವಿಧ್ಯಕ್ಕೆ ಹೆಸರಾಗಿವೆ. 'ಆಲ್ಸ್' ಅಥವಾ 'ಆಸ್', 'ವೀ', 'ವೇಡರ್' ಮೂರೂ ಇಲ್ಲಿ ಸಿಗುತ್ತವೆ. ಇವುಗಳಲ್ಲಿ 'ವೇಡರ್' ಶಿಷ್ಟ ಭಾಷೆಯಲ್ಲಿ ತಾರತಮ್ಯದ ಬಳಕೆಯಿಂದ ಪೂರ್ತಿ ಮರೆಯಾಗಿದ್ದು, ಆರಂಭಿಕ ಹೊಸ ಹೈ ಜರ್ಮನ್ ಕಾಲದ ದಕ್ಷಿಣದ ಬಳಕೆಯನ್ನು ಉಪಭಾಷೆಯು ಉಳಿಸಿಕೊಂಡಿರುವುದಕ್ಕೆ ಉತ್ತಮ ನಿದರ್ಶನ.

=== ಯಿಡ್ಡಿಷ್ ===

ನಡು ಹೈ ಜರ್ಮನ್ ಮೂಲದಿಂದ ಬೆಳೆದ ಯಿಡ್ಡಿಷ್ ಭಾಷೆಯಲ್ಲಿ ಸಮತೆಗೆ 'ವೀ' ಇದೆ. ತಾರತಮ್ಯದಲ್ಲಿ 'ವೀ', 'ಏಡರ್' ಎಂಬ ಅವ್ಯಯಗಳ ಜೊತೆಗೆ 'ಇಂದ' ಎಂಬರ್ಥದ 'ಫುನ್' ಉಪಸರ್ಗವೂ ಬರುತ್ತದೆ. 'ಗ್ರೆಸರ್ ಫುನ್' ಎಂಬುದರ ಪದಶಃ ಅರ್ಥ 'ಅವನಿಂದ ದೊಡ್ಡವನು'. 'ಫುನ್' ಬಂದಾಗ ಉಪಮಾನವು ಚತುರ್ಥಿ ವಿಭಕ್ತಿಯಲ್ಲಿರಬೇಕು; ಇಲ್ಲಿ ಅವ್ಯಯದ ಹೋಲಿಕೆಯಿಂದ ಮತ್ತೆ ವಿಭಕ್ತಿಯನ್ನು ವಿಧಿಸುವ ಹೋಲಿಕೆಗೆ ಭಾಷೆ ತಿರುಗಿದೆ.

== ಶುದ್ಧಾಶುದ್ಧದ ಪ್ರಶ್ನೆ ==

18 ಮತ್ತು 19ನೆಯ ಶತಮಾನಗಳಲ್ಲಿ ಶಿಷ್ಟ ಭಾಷೆಯ ವ್ಯಾಕರಣ ರೂಪುಗೊಂಡಾಗ, ಸಮಾನತೆಗೆ 'ವೀ', ಅಸಮಾನತೆಗೆ 'ಆಲ್ಸ್' ಎಂಬ ವಿಂಗಡಣೆ ನಿಯಮವಾಗಿ ಸ್ಥಿರಗೊಂಡಿತು. ಶಾಲೆ, ಮುದ್ರಣ ಮತ್ತು ಆಡಳಿತಗಳು ಅದನ್ನು ಹರಡಿದವು. ಇಂದು 'ಗ್ರ್ಯೋಸರ್ ವೀ' ಎಂಬುದು ಅಶಿಕ್ಷಿತ ಮಾತಿನ ಗುರುತೆಂದು ಅನೇಕರು ಭಾವಿಸುವ ಪ್ರಯೋಗಗಳಲ್ಲಿ ಒಂದು. ಬರವಣಿಗೆಯಲ್ಲಿ ಅದನ್ನು ತಿದ್ದಲಾಗುತ್ತದೆ. ಉಪಭಾಷೆಯನ್ನಾಡುವ ಮಕ್ಕಳು ಮನೆಯ ಮಾತಿನ ರಚನೆಯನ್ನು ಶಾಲೆಯಲ್ಲಿ ಬಿಡಬೇಕಾಗುತ್ತದೆ.

ಶಿಷ್ಟ ಬರವಣಿಗೆಗೆ ಏಕರೂಪತೆ ಬೇಕೆಂಬುದು ಪ್ರತ್ಯೇಕ ವಿಷಯ. 'ವೀ' ಬಳಕೆಯು ತರ್ಕಕ್ಕೆ ವಿರುದ್ಧ, ಅದು ಸಮಾನ ಮತ್ತು ಅಸಮಾನಗಳ ಭೇದವನ್ನು ಅಳಿಸುತ್ತದೆ ಎಂಬ ವಾದಕ್ಕೆ ಮಾತ್ರ ಚರಿತ್ರೆಯ ಬೆಂಬಲವಿಲ್ಲ. ಅದೇ ವಾದವನ್ನು ಅನ್ವಯಿಸಿದರೆ, ಸಮಾನತೆಯ ಅವ್ಯಯವಾಗಿದ್ದ 'ಆಲ್ಸ್' ಅಸಮಾನತೆಗೆ ಬಂದದ್ದನ್ನೂ ತಪ್ಪೆನ್ನಬೇಕಾಗುತ್ತದೆ. ಲೂಥರನ 'ಡೆನ್' ಒಂದೇ ಶುದ್ಧವೆನಿಸುತ್ತದೆ. ಉಪಭಾಷೆಗಳು ಚಕ್ರದ ಮುಂದಿನ ಹೆಜ್ಜೆಯನ್ನು ಇಟ್ಟಿವೆ. ಶಿಷ್ಟ ಭಾಷೆ ಬರವಣಿಗೆಯ ಹಿಡಿತದಿಂದ ಹಿಂದಿನ ಹೆಜ್ಜೆಯಲ್ಲಿ ನಿಂತಿದೆ.

ತಿದ್ದುವಿಕೆಯಿಂದ ವಿರುದ್ಧ ಪರಿಣಾಮವೂ ಉಂಟಾಗಬಹುದು. 'ವೀ' ತಪ್ಪೆಂದು ಕಲಿತವರು ಸಮತೆಯಲ್ಲಿಯೂ ಅದನ್ನು ತಪ್ಪಿಸಿ 'ಗೆನೌಸೋ ಗ್ರೋಸ್ ಆಲ್ಸ್' ಎನ್ನುವುದುಂಟು. ಹೊರನೋಟಕ್ಕೆ ಇದು 18ನೆಯ ಶತಮಾನದ ಬಳಕೆಯಂತೆಯೇ ಕಂಡರೂ, ಇಂಥ ಸಂದರ್ಭದಲ್ಲಿ ಅದಕ್ಕೆ ಕಾರಣ ಅತಿಶುದ್ಧಿಯ ಪ್ರಯತ್ನ.

== ಶಿಷ್ಟ ಭಾಷೆಯಲ್ಲಿ ಹಳೆಯ ರೂಪಗಳ ಉಳಿಕೆ ==

ಹಿಂದಿನ ಘಟ್ಟಗಳ ಅವ್ಯಯಗಳು ಕೆಲವು ನಿಶ್ಚಿತ ಪ್ರಯೋಗಗಳಲ್ಲಿ ಇಂದಿಗೂ ಉಳಿದಿವೆ.

* 'ಮೇರ್ ಡೆನ್ ಯೇ': 'ಎಂದಿಗಿಂತಲೂ ಹೆಚ್ಚು'. ತಾರತಮ್ಯದ ಹಳೆಯ 'ಡೆನ್' ಇಲ್ಲಿ ನುಡಿಗಟ್ಟಾಗಿ ನಿಂತಿದೆ.
* 'ಎಯರ್ ಆಲ್ಸ್ ಫ್ರೋಯ್ಂಡ್ ಡೆನ್ ಆಲ್ಸ್ ಲೇರರ್': 'ಗುರುವಾಗಿ ಎನ್ನುವುದಕ್ಕಿಂತ ಗೆಳೆಯನಾಗಿ'. 'ಆಗಿ' ಎಂಬರ್ಥದ 'ಆಲ್ಸ್' ಬಂದೆಡೆ ಎರಡು 'ಆಲ್ಸ್' ಒತ್ತಟ್ಟಿಗೆ ಬರದಂತೆ 'ಡೆನ್' ಬಳಸಲಾಗುತ್ತದೆ.
* 'ಸೋವೋಲ್ ... ಆಲ್ಸ್ ಔಖ್': 'ಅದೂ ಇದೂ ಎರಡೂ'. ಸಮತೆಯ ಹಳೆಯ 'ಸೋ ... ಆಲ್ಸ್' ಜೋಡಿಯ ಉಳಿಕೆ.
* 'ಸೋ ಬಾಲ್ಡ್ ಆಲ್ಸ್ ಮ್ಯೋಗ್ಲಿಶ್': 'ಆದಷ್ಟು ಬೇಗ'. ಇಲ್ಲಿ 'ವೀ' ಕೂಡ ಬಳಕೆಯಲ್ಲಿದೆ.
* 'ಆಲ್ಸ್ ಓಬ್': 'ಎಂಬಂತೆ'. ವಾಸ್ತವವಲ್ಲದ ಸಂಗತಿಗೆ ಹೋಲಿಸುವಾಗ 'ಆಲ್ಸ್' ತನ್ನ ಮೂಲದ ಸಾದೃಶ್ಯದ ಅರ್ಥವನ್ನೇ ಉಳಿಸಿಕೊಂಡಿದೆ.

== ಇತರ ಭಾಷೆಗಳೊಡನೆ ಹೋಲಿಕೆ ==

ಇಂಗ್ಲಿಷ್ ಭಾಷೆಯು 'ದ್ಯಾನ್' ಮತ್ತು 'ಆ್ಯಸ್' ಎಂಬ ಹಳೆಯ ವಿಂಗಡಣೆಯನ್ನು ಉಳಿಸಿಕೊಂಡು, ಹೆಚ್ಚುಕಡಿಮೆ ನಡು ಹೈ ಜರ್ಮನ್‌ನ ಹಂತದಲ್ಲಿದೆ. ಆದರೆ ಸ್ಕಾಟ್ಸ್ ಮತ್ತು ಉತ್ತರ ಇಂಗ್ಲೆಂಡಿನ ಉಪಭಾಷೆಗಳಲ್ಲಿ 'ಅದೂ ಅಲ್ಲ' ಎಂಬರ್ಥದ 'ನಾರ್' ಪದ 'ದ್ಯಾನ್' ಬದಲು ಬರುವುದುಂಟು. ಇದು ಸ್ವಿಟ್ಜರ್ಲೆಂಡಿನ 'ವೇಡರ್' ಬಳಕೆಯನ್ನು ನೆನಪಿಸುತ್ತದೆ.

ಡಚ್ ಭಾಷೆಯಲ್ಲಿ ತಾರತಮ್ಯದ ಹಳೆಯ 'ಡಾನ್' ಶಿಷ್ಟ ರೂಪವೆನಿಸಿದೆ. ಸಮತೆಯ 'ಆಲ್ಸ್' ಅಲ್ಲಿಯೂ ತಾರತಮ್ಯಕ್ಕೆ ಸರಿದಿದ್ದು, 'ಖ್ರೋಟರ್ ಆಲ್ಸ್' ಎಂಬ ಆಡುಮಾತಿನ ಪ್ರಯೋಗವನ್ನು ಶಾಲೆಗಳು ತಿದ್ದುತ್ತವೆ. ಜರ್ಮನ್‌ನಲ್ಲಿ ಸರಿಯಾದುದು ಡಚ್‌ನಲ್ಲಿ ತಪ್ಪು. ಎರಡೂ ಸೋದರ ಭಾಷೆಗಳಲ್ಲಿ ನಡೆದಿರುವ ಬದಲಾವಣೆ ಒಂದೇ. ಶಿಷ್ಟ ರೂಪ ಸ್ಥಿರಗೊಂಡ ಹಂತ ಮಾತ್ರ ಬೇರೆ.

ಫ್ರೆಂಚ್ ಭಾಷೆಯು ಸಮತೆಗೂ ತಾರತಮ್ಯಕ್ಕೂ 'ಕ' ಎಂಬ ಒಂದೇ ಅವ್ಯಯವನ್ನು ಬಳಸುತ್ತದೆ. ಲ್ಯಾಟಿನ್‌ನ 'ಕ್ವಾಮ್' ಕೂಡ ಎರಡೂ ಕಡೆ ಬರುತ್ತಿತ್ತು. ಸಮಾನತೆ ಮತ್ತು ಅಸಮಾನತೆಗಳಿಗೆ ಒಂದೇ ಅವ್ಯಯವಿದ್ದರೂ ಭಾಷೆಯ ನಿಖರತೆ ಕುಂದುವುದಿಲ್ಲ ಎಂಬುದಕ್ಕೆ ಈ ಶಿಷ್ಟ ಭಾಷೆಗಳು ಸಾಕ್ಷಿಯಾಗಿವೆ.